ಸರ್ವರ್ ಇಲ್ಲ ಎನ್ನುವ ಮೊದಲು ಬ್ರೌಸರ್ ನೋಡಿ

ಜೂನ್ ಬಂತೆಂದರೆ ರಾಯಚೂರು ಜಿಲ್ಲೆಯಲ್ಲಿ ಆನ್‌ಲೈನ್ ಕೇಂದ್ರಗಳ ಮುಂದಿನ ಸಾಲು ಉದ್ದವಾಗುತ್ತದೆ. ಪಿಯುಸಿ ಮುಗಿಸಿದ ಮಕ್ಕಳಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಕಲ್ಯಾಣ ಕರ್ನಾಟಕದ ಮೀಸಲಾತಿಗಾಗಿ 371ಜೆ ಅರ್ಹತಾ ಪ್ರಮಾಣಪತ್ರ ಬೇಕು. ಮಾನ್ವಿ ಕಡೆಯ ಭತ್ತದ ರೈತರಿಗೆ ಬೆಳೆಸಾಲಕ್ಕೆ ಪಹಣಿ ಬೇಕು. ಸುಗ್ಗಿ ಮುಗಿದ ಮೇಲೆ ದೇವದುರ್ಗದಲ್ಲಿ ಇನ್ನೊಂದು ಬಗೆಯ ಸಾಲು. ಬೆಂಗಳೂರಿಗೋ ಪುಣೆಗೋ ಗುಳೆ ಹೊರಡುವ ಮುನ್ನ ಪಡಿತರ ಚೀಟಿ, ಆಧಾರ್, ಪಿಂಚಣಿಯ ಕೆಲಸ ಮುಗಿಸಿಕೊಳ್ಳಲು ಬಂದವರದು ಅದು. ಈ ಎಲ್ಲರಿಗೂ ಒಂದಲ್ಲ ಒಂದು ದಿನ ಸಿಗುವ ಉತ್ತರ: “ಸರ್ವರ್ ಇಲ್ರಿ, ನಾಳಿ ಬರ್ರಿ.”

ನಾಳೆ ಬರುವುದೆಂದರೆ ಮತ್ತೊಂದು ದಿನದ ಕೂಲಿ ಬಿಡುವುದು. ಹೊಲದ ಕೆಲಸವನ್ನು ಯಾರಿಗೋ ಒಪ್ಪಿಸಿ ಬರುವುದು. ಆದ್ದರಿಂದ ಆ ಉತ್ತರ ಎಷ್ಟು ಸಲ ನಿಜ ಎಂದು ಕೇಳಲೇಬೇಕು.

ಸರ್ವರ್ ನಿಜವಾಗಿಯೂ ಕೈಕೊಡುವುದುಂಟು. ಇಡೀ ರಾಜ್ಯದ ಅರ್ಜಿಗಳು ಒಂದೇ ವಾರದಲ್ಲಿ ಮುಗಿಬಿದ್ದಾಗ ಯಾವ ಜಾಲತಾಣವೂ ತತ್ತರಿಸುತ್ತದೆ. ಆದರೆ ಅದೇ ಪುಟ ಪಕ್ಕದ ಅಂಗಡಿಯಲ್ಲಿ ತೆರೆದುಕೊಂಡು ಇಲ್ಲಿ ಮಾತ್ರ ಬಿಳಿ ಪರದೆಯಾಗಿ ನಿಂತಿದ್ದರೆ ತಪ್ಪು ಬೆಂಗಳೂರಿನ ಸರ್ವರ್‌ನದಲ್ಲ, ಮೇಜಿನ ಮೇಲಿರುವ ಯಂತ್ರದ್ದು. ಅದರಲ್ಲೂ ಹಲವು ಸಲ ಯಂತ್ರದ್ದೂ ಅಲ್ಲ. ವರ್ಷಗಳ ಹಿಂದೆ ಯಾವುದೋ ಕೆಲಸಕ್ಕೆಂದು ಬ್ರೌಸರ್‌ಗೆ ಸೇರಿಸಿ, ಆಮೇಲೆ ಎಲ್ಲರೂ ಮರೆತ ಒಂದು ಪ್ಲಗ್‌ಇನ್‌ನದು.

ಇದನ್ನು ಪತ್ತೆಹಚ್ಚಲು ಮೊದಲ ಪರೀಕ್ಷೆಗೆ ತಂತ್ರಜ್ಞ ಬೇಕಿಲ್ಲ. ಕಂಪ್ಯೂಟರ್ ಯಾವ ವೈಫೈನಲ್ಲಿದೆಯೋ ಅದೇ ವೈಫೈಗೆ ಮೊಬೈಲ್ ಜೋಡಿಸಿ ಅದೇ ಪುಟ ತೆರೆಯಿರಿ. ಮೊಬೈಲಿನಲ್ಲೂ ತೆರೆಯದಿದ್ದರೆ ಮೊಬೈಲ್ ಡೇಟಾದಲ್ಲಿ ನೋಡಿ. ಆಗಲೂ ಇಲ್ಲವೆಂದರೆ ಸರ್ವರ್ ಮೇಲೆ ಅನುಮಾನ ಪಡಬಹುದು. ವೈಫೈನಲ್ಲಿ ಇಲ್ಲ, ಡೇಟಾದಲ್ಲಿ ಇದೆ ಎಂದರೆ ತೊಂದರೆ ಅಂಗಡಿಯ ಇಂಟರ್ನೆಟ್‌ನದು. ಮೊಬೈಲಿನಲ್ಲಿ ಎರಡೂ ಬಗೆಯಲ್ಲಿ ಸರಾಗವಾಗಿ ತೆರೆದು ಕಂಪ್ಯೂಟರ್‌ನಲ್ಲಿ ಮಾತ್ರ ತೆವಳುತ್ತಿದ್ದರೆ ಬ್ರೌಸರ್‌ನ ಒಳಗೆ ನೋಡಬೇಕು.

ಬ್ರೌಸರ್ ಹುಟ್ಟಿದಾಗ ಅದಕ್ಕೆ ಬರುತ್ತಿದ್ದದ್ದು ಅಕ್ಷರ ಮತ್ತು ಚಿತ್ರ ತೋರಿಸುವುದಷ್ಟೆ. ವಿಡಿಯೊ, ಆಟ, ಅನಿಮೇಷನ್ ತೋರಿಸಲು ಹೊರಗಿನ ತಂತ್ರಾಂಶವನ್ನು ಒಳಗೆ ಕೂರಿಸುವ ದಾರಿಯನ್ನು 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತೆರೆಯಿತು. ಹಾಗೆ ಕೂರಿಸಿದ ತಂತ್ರಾಂಶವೇ ಪ್ಲಗ್‌ಇನ್. 1995ರಲ್ಲಿ ಜಾವಾ ಬಂತು. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಪುಟ್ಟ ತಂತ್ರಾಂಶ ಮ್ಯಾಕ್ರೋಮೀಡಿಯಾದ ಕೈಸೇರಿ ಫ್ಲ್ಯಾಶ್ ಆಯಿತು, 2005ರಲ್ಲಿ ಅದು ಅಡೋಬಿಯ ಪಾಲಾಯಿತು. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಆಕ್ಟಿವ್‌ಎಕ್ಸ್ ಎಂಬ ಬೇರೆಯೇ ದಾರಿ ಮಾಡಿಕೊಂಡಿತು. ಇವೆಲ್ಲಕ್ಕೂ ಸಮಾನವಾದ ಗುಣವೊಂದಿತ್ತು. ಜಾಲತಾಣಕ್ಕೆ ಸಿಗಬಾರದಷ್ಟು ಸ್ವಾತಂತ್ರ್ಯ ಪ್ಲಗ್‌ಇನ್‌ಗೆ ಸಿಗುತ್ತಿತ್ತು. ಅದು ಬ್ರೌಸರ್‌ನ ಕಾವಲು ದಾಟಿ ಕಂಪ್ಯೂಟರ್‌ನ ಕಡತಗಳನ್ನು, ಯುಎಸ್‌ಬಿಗೆ ಚುಚ್ಚಿದ ಸಾಧನಗಳನ್ನು ನೇರವಾಗಿ ಮುಟ್ಟಬಲ್ಲದಾಗಿತ್ತು.

ಸರ್ಕಾರಿ ಕೆಲಸಗಳಿಗೆ ಅದು ಬೇಕಾದದ್ದು ಇದೇ ಕಾರಣಕ್ಕೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಸಹಿಯ ಕೀಲಿ ಪೆನ್‌ಡ್ರೈವ್‌ನಂಥ ಟೋಕನ್‌ನಲ್ಲಿ ಇರುತ್ತದೆ. ವೆಬ್‌ಪುಟಕ್ಕೆ ಆ ಟೋಕನ್ ಕಾಣುವುದಿಲ್ಲ. ಕಾಣಿಸಲು ಆಗ ಇದ್ದ ಉಪಾಯ ಜಾವಾ ಆಪ್ಲೆಟ್ ಅಥವಾ ಆಕ್ಟಿವ್‌ಎಕ್ಸ್. ಟೆಂಡರ್ ಹಾಕುವ ಗುತ್ತಿಗೆದಾರ, ಕಂಪನಿ ವ್ಯವಹಾರಗಳ ಇಲಾಖೆಗೆ ಲೆಕ್ಕ ಸಲ್ಲಿಸುವ ಲೆಕ್ಕಪರಿಶೋಧಕ, ಕಚೇರಿಯಲ್ಲಿ ಸಹಿ ಹಾಕುವ ಅಧಿಕಾರಿ, ಎಲ್ಲರ ಕಂಪ್ಯೂಟರ್‌ಗೂ ಇವು ಹೀಗೆ ಸೇರಿದವು.

ಕರ್ನಾಟಕ ಈ ದಾರಿಯಲ್ಲಿ ಬಹಳ ಮುಂಚೆಯೇ ನಡೆದ ರಾಜ್ಯ. ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರ್‌ಗೆ ತಂದದ್ದು ಈ ಶತಮಾನ ಕಣ್ಣುಬಿಡುವ ಹೊತ್ತಿಗೆ. ಮೊದಲು ನಡೆದವರ ಮನೆಯಲ್ಲೇ ಹಳೆಯ ಸಾಮಾನು ಹೆಚ್ಚು. ಹೊಸ ವ್ಯವಸ್ಥೆ ಬಂದಾಗ ಹಳೆಯದನ್ನು ತೆಗೆಯುವ ಕೆಲಸ ಯಾರ ಪಾಲಿಗೂ ಬರೆದಿರಲಿಲ್ಲ.

ಕನ್ನಡಿಗರಿಗೆ ಇನ್ನೊಂದು ಅಭ್ಯಾಸವೂ ಆ ಕಾಲದಲ್ಲಿ ಅಂಟಿತು. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಬಂದು ಯೂನಿಕೋಡ್ ನೆಲೆಯೂರುವವರೆಗೆ ಕನ್ನಡ ಜಾಲತಾಣಗಳಿಗೆ ತಂತಮ್ಮದೇ ಫಾಂಟ್ ಇರುತ್ತಿತ್ತು. ಒಂದು ಪತ್ರಿಕೆ ಓದಲು ಒಂದು ಫಾಂಟ್, ಇನ್ನೊಂದಕ್ಕೆ ಮತ್ತೊಂದು. ಪರದೆಯ ಮೇಲೆ ಏನೇ ಕೇಳಿದರೂ “ಯೆಸ್” ಒತ್ತಿದರೆ ಮಾತ್ರ ಕನ್ನಡ ಕಾಣುತ್ತಿತ್ತು. ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಡುವ ಆ ರೂಢಿ ಫಾಂಟ್‌ಗಳ ಕಾಲ ಮುಗಿದ ಮೇಲೂ ಉಳಿಯಿತು. ನಮ್ಮ ಕಡೆಯ ಬ್ರೌಸರ್‌ಗಳಲ್ಲಿ ಬೇಡದ್ದೆಲ್ಲ ಸೇರಿಕೊಳ್ಳಲು ಇದೂ ಒಂದು ಕಾರಣ ಎಂದೇ ನನ್ನ ಎಣಿಕೆ.

ಜಾವಾ ಪ್ಲಗ್‌ಇನ್‌ನ ಕಥೆ ಸ್ವಲ್ಪ ನಿಂತು ನೋಡಬೇಕಾದದ್ದು, ಏಕೆಂದರೆ ನಿಧಾನದ ಗುಟ್ಟು ಅದರಲ್ಲಿದೆ. 2013ರ ಜನವರಿಯಲ್ಲಿ ಅದರಲ್ಲಿ ಎಂಥ ದೊಡ್ಡ ಕಂಡಿ ಕಾಣಿಸಿತೆಂದರೆ, ಬ್ರೌಸರ್‌ನಲ್ಲಿ ಜಾವಾ ಬಳಸಬೇಡಿ ಎಂದು ಅಮೆರಿಕದ ಆಂತರಿಕ ಭದ್ರತಾ ಇಲಾಖೆಯೇ ಜನರಿಗೆ ಹೇಳಿತು. ಅದೇ ವರ್ಷ ಜಾವಾ ಹೊಸ ಕಟ್ಟುನಿಟ್ಟು ತಂದಿತು. ಯಾವ ಆಪ್ಲೆಟ್ ಶುರುವಾಗಬೇಕಾದರೂ ಅದರ ಪ್ರಮಾಣಪತ್ರ ರದ್ದಾಗಿದೆಯೇ ಎಂದು ಇಂಟರ್ನೆಟ್‌ನಲ್ಲಿ ವಿಚಾರಿಸಿಕೊಂಡು ಬರಬೇಕು. ಮಹಾನಗರದ ವೇಗದ ಸಂಪರ್ಕದಲ್ಲಿ ಇದು ಗೊತ್ತೇ ಆಗುವುದಿಲ್ಲ. ತಾಲ್ಲೂಕು ಕೇಂದ್ರದ ಮಂದ ಸಂಪರ್ಕದಲ್ಲಿ ಆ ಒಂದು ವಿಚಾರಣೆಗೆ ಇಡೀ ಪರದೆ ಸ್ತಬ್ಧವಾಗಿ ನಿಲ್ಲುತ್ತಿತ್ತು. 2014ರ ಜನವರಿಯ ಆವೃತ್ತಿಯಂತೂ ಸರಿಯಾದ ಸಹಿ ಇಲ್ಲದ ಆಪ್ಲೆಟ್‌ಗಳನ್ನು ತಡೆದೇಬಿಟ್ಟಿತು. ಆಗ ಆಪರೇಟರುಗಳು ಕಂಡುಕೊಂಡ ದಾರಿ ಹಳೆಯ ಜಾವಾವನ್ನೇ ಉಳಿಸಿಕೊಳ್ಳುವುದು, ಅಪ್‌ಡೇಟ್ ನಿಲ್ಲಿಸುವುದು, ಭದ್ರತೆಯ ಮಟ್ಟ ಇಳಿಸುವುದು. ಒಂದು ಇಲಾಖೆಯ ಪುಟಕ್ಕೆ ಒಂದು ಆವೃತ್ತಿ, ಇನ್ನೊಂದಕ್ಕೆ ಇನ್ನೊಂದು. ಹೀಗೆ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ಜಾವಾಗಳು ಸೇರಿ ಕೂತವು. ಅವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸಿಲ್ಲ. ಎದುರಿಗೆ ಸಾಲು ನಿಂತಿತ್ತು, ಕೆಲಸ ಆಗಬೇಕಿತ್ತು.

ಬ್ರೌಸರ್ ಮಾಡುವವರು ಮಾತ್ರ ನಿರ್ಧಾರ ಮಾಡಿಯಾಗಿತ್ತು. ಐಫೋನಿನಲ್ಲಿ ಫ್ಲ್ಯಾಶ್‌ಗೆ ಜಾಗವಿಲ್ಲವೆಂದು ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಹಳೆಯ ಪ್ಲಗ್‌ಇನ್‌ಗಳ ಬಾಗಿಲು ಮುಚ್ಚಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ಹೊರಹಾಕಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಆಯುಷ್ಯವೂ ಮುಗಿಯಿತು, 2021ರ ಜನವರಿ 12ರಿಂದ ಅದು ತಾನಾಗಿಯೇ ಓಡಲು ನಿರಾಕರಿಸಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್ 15ರಂದು ವಿದಾಯವಾಯಿತು.

ಸತ್ತ ಪ್ಲಗ್‌ಇನ್ ಕಂಪ್ಯೂಟರ್ ಅನ್ನು ಹೇಗೆ ನಿಧಾನಗೊಳಿಸುತ್ತದೆ ಎಂದು ಯಾರಾದರೂ ಕೇಳಬಹುದು. ಬ್ರೌಸರ್‌ನಲ್ಲಿ ಅದು ಓಡದಿದ್ದರೂ ಅದರ ಪರಿವಾರ ಓಡುತ್ತಿರುತ್ತದೆ. ಹೊಸ ಆವೃತ್ತಿ ಬಂದಿದೆಯೇ ಎಂದು ಕಾಯುವ ಅಪ್‌ಡೇಟರ್, ಟೋಕನ್‌ಗಾಗಿ ಕಾಯುವ ಸೇವೆ, ಟೂಲ್‌ಬಾರ್, ಅದರ ಜೊತೆ ಬಂದ ಇನ್ನೊಂದು. ಯಂತ್ರ ಚಾಲೂ ಆದ ಕೂಡಲೇ ಇವೆಲ್ಲ ಏಳುತ್ತವೆ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದೇ ಅಲ್ಪ. ಅದೂ ತುಂಬಿದಾಗ ವಿಂಡೋಸ್ ರ‍್ಯಾಮ್‌ನಲ್ಲಿದ್ದದ್ದನ್ನು ಹಾರ್ಡ್‌ಡಿಸ್ಕ್‌ಗೆ ಬರೆದು, ಬೇಕಾದಾಗ ಮತ್ತೆ ಓದಿಕೊಳ್ಳತೊಡಗುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪ್ರತಿಶತ ಎಂದು ಕೆಂಪಗೆ ಕಾಣುವುದು, ಮೌಸ್ ಒತ್ತಿದ ಎಷ್ಟೋ ಹೊತ್ತಿಗೆ ಕಿಟಕಿ ತೆರೆಯುವುದು ಆಗಲೇ.

ಇಂದಿನ ದಿನಗಳಲ್ಲಿ ಆ ಜಾಗಕ್ಕೆ ಬಂದಿರುವುದು ಎಕ್ಸ್‌ಟೆನ್ಶನ್‌ಗಳು. ಪಿಡಿಎಫ್ ಬದಲಿಸುವುದು, ಪರದೆಯ ಚಿತ್ರ ತೆಗೆಯುವುದು, ಕೂಪನ್ ಹುಡುಕುವುದು, ಕನ್ನಡ ಟೈಪಿಂಗ್. ಅನುಮತಿ ಕೊಟ್ಟಿದ್ದರೆ ತೆರೆದ ಪ್ರತಿ ಪುಟದೊಳಕ್ಕೂ ಇವು ತಮ್ಮ ಕೋಡ್ ಸೇರಿಸುತ್ತವೆ. ಹತ್ತು ಟ್ಯಾಬ್ ತೆರೆದರೆ ಹತ್ತರಲ್ಲೂ ಕೆಲಸ. ಬರೆದವರೇ ಕೈಬಿಟ್ಟ ಎಕ್ಸ್‌ಟೆನ್ಶನ್ ಇದ್ದರೆ ಇಲ್ಲದ ತಾಣಕ್ಕೆ ಕರೆ ಕಳಿಸುತ್ತ, ಉತ್ತರ ಬಾರದೆ ಮತ್ತೆ ಕಳಿಸುತ್ತ ಕೂರಬಹುದು.

ಈಗ ಪತ್ತೆಯ ಕೆಲಸ. ಬ್ರೌಸರ್‌ನಲ್ಲಿ ಮಾತ್ರ ನಿಧಾನವೋ, ‘ನುಡಿ’ ತಂತ್ರಾಂಶದಲ್ಲಿ ಪತ್ರ ಟೈಪ್ ಮಾಡುವಾಗಲೂ ನಿಧಾನವೋ ಎಂದು ಮೊದಲು ಬೇರ್ಪಡಿಸಿ. ಎಲ್ಲದರಲ್ಲೂ ನಿಧಾನವಿದ್ದರೆ ಪ್ಲಗ್‌ಇನ್ ಹಿಂದೆ ಬಿದ್ದು ಫಲವಿಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಜಿನ್ನಿಂಗ್ ಮಿಲ್‌ಗಳ ಹತ್ತಿರದ ಅಂಗಡಿಗಳಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಸಿಪಿಯು ಡಬ್ಬಿಯ ಫ್ಯಾನಿಗೆ ಅದು ಮೆತ್ತಿಕೊಂಡರೆ ಒಳಗಿನ ಪ್ರೊಸೆಸರ್ ಕಾದು, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬ್ಲೋವರ್ ಮತ್ತು ಬ್ರಷ್ಷು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರಂತೂ ಹೊಸ ಯಂತ್ರದ ಖರ್ಚು ಎಷ್ಟೋ ವರ್ಷ ಮುಂದೆ ಹೋಗುತ್ತದೆ.

ಬ್ರೌಸರ್‌ನಲ್ಲಿ ಮಾತ್ರ ನಿಧಾನವಿದ್ದರೆ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ನೀವಾಗಿ ಅನುಮತಿ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಅದೇ ಪುಟ ಅಲ್ಲಿ ಚುರುಕಾಗಿ ತೆರೆದರೆ ಅನುಮಾನ ಬಹುಮಟ್ಟಿಗೆ ಖಚಿತ. ಆಮೇಲೆ ಮಾಮೂಲಿ ಕಿಟಕಿಗೆ ಬಂದು ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಬ್ರೌಸರ್‌ಗೇ ಸೇರಿದ ಟಾಸ್ಕ್ ಮ್ಯಾನೇಜರ್ ತೆರೆದು, ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ, ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಇಷ್ಟು ಸ್ಪಷ್ಟ ಸಾಕ್ಷ್ಯ ಕೈಯಳತೆಯಲ್ಲಿ ಇದ್ದೂ ಅದನ್ನು ತೆರೆದು ನೋಡಿದವರು ಬಹಳ ಕಡಿಮೆ. ಜಿಲ್ಲೆಯ ಕಂಪ್ಯೂಟರ್ ತರಬೇತಿ ಕೇಂದ್ರಗಳು ಟ್ಯಾಲಿ, ಡಿಟಿಪಿಯ ಜೊತೆಗೆ ಇದನ್ನೂ ಒಂದು ಪಾಠ ಮಾಡಬೇಕೆಂದು ನನ್ನ ಆಸೆ.

ನಂತರ ಎಕ್ಸ್‌ಟೆನ್ಶನ್‌ಗಳ ಪುಟಕ್ಕೆ ಹೋಗಿ ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಯಾವುದನ್ನು ಆನ್ ಮಾಡಿದಾಗ ಪುಟ ಭಾರವಾಗುತ್ತದೋ ಅದನ್ನು ತೆಗೆಯಿರಿ. ಕನ್ನಡ ಟೈಪಿಂಗ್‌ಗೆಂದು ಹಾಕಿಕೊಂಡ ಎಕ್ಸ್‌ಟೆನ್ಶನ್ ಇದ್ದರೆ ಅದರ ಅಗತ್ಯವೇ ಈಗಿಲ್ಲ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆ ಇದೆ. ಅಲ್ಲಿಂದ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂಗಳ ಪಟ್ಟಿ ನೋಡಿ. ಫ್ಲ್ಯಾಶ್ ಇದ್ದರೆ ಧೈರ್ಯವಾಗಿ ತೆಗೆದುಹಾಕಿ. ಅದನ್ನು ಕಿತ್ತುಹಾಕಲೆಂದೇ ಮೈಕ್ರೋಸಾಫ್ಟ್ ಅಪ್‌ಡೇಟ್ ಹೊರಡಿಸಿತ್ತು. “ನಿಮ್ಮ ಫ್ಲ್ಯಾಶ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ” ಎಂದು ಇವತ್ತು ಯಾವ ಪುಟ ಹೇಳಿದರೂ ಅದು ವೈರಸ್ ತುರುಕುವ ಮೋಸ. ಇಲ್ಲದ ತಂತ್ರಾಂಶಕ್ಕೆ ಅಪ್‌ಡೇಟ್ ಇರಲಾರದು. ಕಾಲೇಜಿನ ಹಳೆಯ ಸಿ.ಡಿ.ಗಳಲ್ಲಿ ಫ್ಲ್ಯಾಶ್‌ನಲ್ಲಿ ಮಾಡಿದ ಪಾಠಗಳಿದ್ದರೆ ರಫಲ್ ಎಂಬ ಉಚಿತ ತಂತ್ರಾಂಶದಿಂದ ಹಲವನ್ನು ತೆರೆಯಬಹುದು. 2020ರಲ್ಲಿ ಇಂಟರ್ನೆಟ್ ಆರ್ಕೈವ್ ತನ್ನ ಫ್ಲ್ಯಾಶ್ ಸಂಗ್ರಹವನ್ನು ಉಳಿಸಿಕೊಂಡದ್ದು ಅದರಿಂದಲೇ.

ಜಾವಾ ತೆಗೆಯುವಾಗ ಮಾತ್ರ ಕೈ ತಡೆದು ನೋಡಿ. ಬ್ರೌಸರ್‌ನೊಳಗಿನ ಜಾವಾ ಸತ್ತಿದೆ, ಆದರೆ ಡಿಜಿಟಲ್ ಸಹಿಯ ಕೆಲವು ತಂತ್ರಾಂಶಗಳು ಹೊರಗಿನಿಂದ ಅದನ್ನು ನೆಚ್ಚಿರಬಹುದು. ಪ್ಲಗ್‌ಇನ್ ಬಾಗಿಲು ಮುಚ್ಚಿದ ಮೇಲೆ ಜಾಲತಾಣಗಳು ಕಂಡುಕೊಂಡ ದಾರಿ ಇದು. ಕಂಪ್ಯೂಟರ್‌ನಲ್ಲೇ ಒಂದು ಪುಟ್ಟ ಸೇವೆ ಓಡುತ್ತಿರುತ್ತದೆ, ಪುಟ ಅದರೊಡನೆ ಒಳಗಿಂದೊಳಗೇ ಮಾತಾಡುತ್ತದೆ. ಕಂಪನಿಯಾಗಿ ನೋಂದಾಯಿಸಿಕೊಂಡ ರೈಸ್ ಮಿಲ್‌ನವರು ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕುವಾಗ ಬಳಸುವ ಎಮ್‌ಸೈನರ್ ಅಂಥದ್ದು. ಬೆರಳಚ್ಚು ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಕೂಡ ಅಂಥದ್ದೇ.

ಆರ್‌ಡಿ ಸರ್ವಿಸ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಹಳ್ಳಿಯಿಂದ ಬಂದವರು ಹೆಚ್ಚು ಕಾಯುವುದು ಈ ಹಂತದಲ್ಲಿ. ಆಧಾರ್ ದೃಢೀಕರಣಕ್ಕೆ ಬೆರಳಿಟ್ಟಾಗ ಪುಟವು ಕಂಪ್ಯೂಟರ್‌ನ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಆರ್‌ಡಿ ಸರ್ವಿಸ್ ಎಲ್ಲಿದೆ ಎಂದು ಹುಡುಕುತ್ತದೆ. ಹಳೆಯ ಯಂತ್ರದ ಸೇವೆ, ಹೊಸ ಯಂತ್ರದ ಸೇವೆ ಎರಡೂ ಉಳಿದಿದ್ದರೆ ಪುಟ ತಪ್ಪಾದುದಕ್ಕೆ ಮೊದಲು ಸಿಕ್ಕಿಕೊಂಡು, ಉತ್ತರ ಬಾರದೆ, ಮುಂದಿನದಕ್ಕೆ ಹೋಗಬಹುದು. ಇತ್ತ ಬೆರಳು ಯಂತ್ರದ ಮೇಲೆ ಒತ್ತಿಕೊಂಡೇ ಇರುತ್ತದೆ. ಬೆರಳು ಸವೆದಿದೆ ಎಂದು ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಹೇಳುವ ಮೊದಲು ಪ್ರೋಗ್ರಾಂಗಳ ಪಟ್ಟಿಯಲ್ಲಿ ಎಷ್ಟು ಆರ್‌ಡಿ ಸರ್ವಿಸ್‌ಗಳಿವೆ ಎಂದು ಎಣಿಸುವುದು ನ್ಯಾಯ. ಸವೆದ ಬೆರಳುಗಳ ತೊಂದರೆ ನಿಜ, ಆದರೆ ಎಲ್ಲ ವೈಫಲ್ಯವನ್ನೂ ಆ ಬೆರಳುಗಳ ಮೇಲೆ ಹೊರಿಸಬಾರದು. 2025ರ ಕೊನೆಯಲ್ಲಿ ಬಂದ ಕ್ರೋಮ್ ಆವೃತ್ತಿಗಳಲ್ಲಿ ಹೊಸದೊಂದು ಪ್ರಶ್ನೆಯೂ ಸೇರಿದೆ. ಪುಟವು ಒಳಗಿನ ಸೇವೆಯೊಡನೆ ಮಾತಾಡಲು ಬಿಡಲೇ ಎಂದು ಬ್ರೌಸರ್ ಕೇಳುತ್ತದೆ. ಗಡಿಬಿಡಿಯಲ್ಲಿ “ಬ್ಲಾಕ್” ಒತ್ತಿದರೆ ಬೆರಳಚ್ಚು ಯಂತ್ರ ಸರಿಯಿದ್ದೂ ಸಿಗುವುದಿಲ್ಲ. ವಿಳಾಸ ಪಟ್ಟಿಯ ಎಡಗಡೆಯ ಗುರುತು ಒತ್ತಿ ಆ ತಾಣಕ್ಕೆ ಮಾತ್ರ ಅನುಮತಿ ಮರಳಿ ಕೊಡಬಹುದು.

ಕೆಲವು ಕಚೇರಿಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ಮೈಕ್ರೋಸಾಫ್ಟ್ ಅದನ್ನು 2020ರ ಜನವರಿ 14ಕ್ಕೆ ಕೈಬಿಟ್ಟಿತು, ಅದರಲ್ಲಿ ಓಡುವ ಕೊನೆಯ ಕ್ರೋಮ್ 2023ರ 109ನೇ ಆವೃತ್ತಿ. ಹೊಸ ರೀತಿಯಲ್ಲಿ ಬರೆದ ಪುಟಗಳು ಅಲ್ಲಿ ಅರ್ಧಂಬರ್ಧ ತೆರೆದು ನಿಂತರೆ ಯಾವ ಪ್ಲಗ್‌ಇನ್ ತೆಗೆದರೂ ಗುಣವಾಗದು. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ವಿಂಡೋಸ್‌ಗೆ ಹೊಂದದ ಯಂತ್ರಗಳಲ್ಲಿ ಲಿನಕ್ಸ್ ಹಾಕಿ ಬ್ರೌಸರ್ ಮಾತ್ರ ಬಳಸುವುದು ಒಂದು ದಾರಿ, ಆದರೆ ಬೆರಳಚ್ಚು ಯಂತ್ರ, ಟೋಕನ್‌ಗಳು ಅಲ್ಲಿ ಕೆಲಸ ಮಾಡುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಆಪರೇಟರ್ ಎಷ್ಟೇ ಚೊಕ್ಕಟವಾಗಿದ್ದರೂ ಜಾಲತಾಣವೇ ಹಳೆಯದನ್ನು ಬೇಡುತ್ತಿದ್ದರೆ ಅವನೇನು ಮಾಡಬೇಕು? ಈ ಪಾಡು ರಾಯಚೂರಿನದಷ್ಟೇ ಅಲ್ಲ. ದಕ್ಷಿಣ ಕೊರಿಯಾ 1990ರ ದಶಕದ ಕೊನೆಗೆ ಬ್ಯಾಂಕ್ ವ್ಯವಹಾರದ ಭದ್ರತೆಗೆಂದು ತನ್ನದೇ ಗೂಢಲಿಪಿ ಮಾಡಿಕೊಂಡು, ಅದನ್ನು ಓಡಿಸಲು ಆಕ್ಟಿವ್‌ಎಕ್ಸ್ ನೆಚ್ಚಿತು. ಜಗತ್ತಿನ ಅತಿವೇಗದ ಇಂಟರ್ನೆಟ್ ಇದ್ದ ದೇಶ ಒಂದೇ ಬ್ರೌಸರ್‌ಗೆ ಕಟ್ಟಿಬಿದ್ದಿತು. ಜನಪ್ರಿಯ ಧಾರಾವಾಹಿಯ ನಾಯಕಿ ತೊಟ್ಟ ಕೋಟು ಕೊಳ್ಳಲು ಚೀನಾದ ಅಭಿಮಾನಿಗಳಿಗೆ ಕೊರಿಯಾದ ತಾಣಗಳು ಅಡ್ಡಿಯಾಗಿವೆ ಎಂದು 2014ರಲ್ಲಿ ಅಲ್ಲಿನ ಅಧ್ಯಕ್ಷರೇ ಪ್ರಸ್ತಾಪಿಸಬೇಕಾಯಿತು. ಆ ವ್ಯವಹಾರಗಳಿಗೆ ಬೇಕಾಗಿದ್ದ ಸರ್ಕಾರಿ ಮಾನ್ಯತೆಯ ಡಿಜಿಟಲ್ ಪ್ರಮಾಣಪತ್ರಗಳ ಏಕಸ್ವಾಮ್ಯ ಕೊನೆಗೊಂಡದ್ದು 2020ರ ಡಿಸೆಂಬರ್‌ನಲ್ಲಿ. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ನಮೂನೆಗಳು ಫ್ಲ್ಯಾಶ್‌ನಲ್ಲಿದ್ದವು. ಮೂರು ವರ್ಷಕ್ಕೂ ಮೊದಲೇ, 2017ರ ಜುಲೈನಲ್ಲಿ, ಅಡೋಬಿ ಎಚ್ಚರಿಸಿದ್ದರೂ ಕೆಲವು ನಮೂನೆಗಳು ಹಾಗೇ ಉಳಿದವು. ಕೊನೆಗೆ 2021ರ ಜನವರಿಯಲ್ಲಿ ಫ್ಲ್ಯಾಶ್ ಓಡಿಸಲೆಂದೇ ಇಲಾಖೆ ತನ್ನದೇ ಬ್ರೌಸರ್ ಒಂದನ್ನು ಜನರ ಕೈಗಿಡಬೇಕಾಯಿತು.

ಆದ್ದರಿಂದ ಇಲಾಖೆಗಳು ಹೊಸ ತಾಣ ಮಾಡಿಸುವಾಗ ಟೆಂಡರ್‌ನಲ್ಲೇ ಬರೆಯಬೇಕಾದ ಷರತ್ತುಗಳಿವೆ. ಪುಟ ಮಾಮೂಲಿ ಬ್ರೌಸರ್‌ನಲ್ಲಿ ಏನನ್ನೂ ಸೇರಿಸದೆ ತೆರೆಯಬೇಕು, 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ, ತಾಲ್ಲೂಕಿನ ಇಂಟರ್ನೆಟ್‌ನಲ್ಲಿ ಪರೀಕ್ಷೆಯಾಗಬೇಕು. ಬೆಂಗಳೂರಿನ ಕಚೇರಿಯಲ್ಲಿ ಓಡಿತೆಂದು ಒಪ್ಪಿಕೊಳ್ಳುವ ಬದಲು ದೇವದುರ್ಗದ ಒಂದು ಕೇಂದ್ರದಲ್ಲಿ ಕೂತು ಓಡಿಸಿ ನೋಡಬೇಕು. ಬಾಹ್ಯ ಸೇವೆ ಬೇಕೇಬೇಕು ಎಂದಾದರೆ ಅದನ್ನು ತೆಗೆಯುವ ಕ್ರಮವನ್ನೂ ಹಾಕುವ ಕ್ರಮದ ಪಕ್ಕದಲ್ಲೇ ಕನ್ನಡದಲ್ಲಿ ಕೊಡಬೇಕು.

ಅಲ್ಲಿಯವರೆಗೆ, ಆಕ್ಟಿವ್‌ಎಕ್ಸ್ ಬೇಡುವ ತಾಣ ಇನ್ನೂ ಉಳಿದಿರುವ ಕಚೇರಿಯವರಿಗೆ ಒಂದು ತಾತ್ಕಾಲಿಕ ದಾರಿ ಇದೆ. ಎಡ್ಜ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಬ್ರೌಸರ್ ವಿಭಾಗಕ್ಕೆ ಹೋಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ಗೆ ಅನುಮತಿ ಕೊಟ್ಟು, ಆ ಒಂದೇ ವಿಳಾಸವನ್ನು ಪಟ್ಟಿಗೆ ಸೇರಿಸಿ. ಉಳಿದ ಪುಟಗಳೆಲ್ಲ ಹೊಸ ಎಂಜಿನ್‌ನಲ್ಲೇ ತೆರೆಯುತ್ತವೆ. ಹಳೆಯ ಭಾರ ಆ ಒಂದು ಟ್ಯಾಬ್‌ಗೆ ಸೀಮಿತವಾಗುತ್ತದೆ. ಪಟ್ಟಿಯಲ್ಲಿ ಸೇರಿಸಿದ ವಿಳಾಸ 30 ದಿನಕ್ಕೆ ತಾನಾಗಿ ಹೋಗುತ್ತದೆ, ಮತ್ತೆ ಸೇರಿಸಬೇಕು. ಆ ಮೋಡ್‌ಗೆ ಮೈಕ್ರೋಸಾಫ್ಟ್ ಕೊಟ್ಟಿರುವ ಭರವಸೆ ಕನಿಷ್ಠ 2029ರವರೆಗೆ. ಅಂಥ ತಾಣ ನಡೆಸುವ ಯಾವುದೇ ಇಲಾಖೆಗೆ ಉಳಿದಿರುವ ಕಾಲವೂ ಅಷ್ಟೇ.